ಗಗನಚಿತ್ರವೂ ಕಾಳೀತೀರದ ನಕಾಶೆಯೂ

 

ನಕಾಶೆಯೆಂದೊಡನೆ ಒಕ್ಕಲಿಗನ ನೆನಪಿಗೆ ಬರುವುದು ಮೋಜಣಿಯ ಸರಪಳಿ ಮತ್ತು ಎಲ್ಲೆಕಲ್ಲಿನ ತಕರಾರು. ಅದು ಸಾವಕಾಶದ ಕೆಲಸ. ಎರಡು ಹೊಲಗಳ ನಡುವಣ ಬದುವಿನ ವ್ಯಾಜ್ಯವು ತಂದೆಯ ಕಾಲದಲ್ಲಿ ಹುಟ್ಟಿ ಮಗನ ಕಾಲದಲ್ಲಿ ತೀರಿದರೂ ಯಾರಿಗೂ ಆಶ್ಚರ್ಯವೆನಿಸದು. ಆದರೆ ಕೆಲವು ತಾಸುಗಳೊಳಗಾಗಿ ಸಿದ್ಧವಾಗದಿದ್ದರೆ ಕವಡೆಯ ಬೆಲೆಯೂ ಇಲ್ಲದ ನಕಾಶೆಗಳು ಕೆಲವುಂಟು. ಹೊಳೆಯ ನೀರು ಏರುತ್ತಿರುವಾಗ ಬೇಕಾಗುವ ನಕಾಶೆಯು ಆ ಜಾತಿಯದು. ಆಕಾಶದಿಂದ ತೆಗೆದ ಸೂಕ್ಷ್ಮ ಚಿತ್ರಗಳನ್ನು ತ್ವರಿತವಾಗಿ ಹೊಂದಿಸಿ ಅಂಥ ನಕಾಶೆಯನ್ನು ಮಾಡುವ ವಿದ್ಯೆ ಈಗ ಬಂದಿರುವುದು. ಅದು ಏನು ಮಾಡಬಲ್ಲದು, ಎಲ್ಲಿ ಸೋಲುವುದು ಎಂಬುದನ್ನು ಕಾರವಾರ ತಾಲೂಕಿನ ಮಲ್ಲಾಪುರವೆಂಬ ಒಂದು ಊರನ್ನು ಮುಂದಿಟ್ಟುಕೊಂಡು ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶ.

ಮಲ್ಲಾಪುರವು ಕಾಳೀ ನದಿಯ ದಂಡೆಯ ಊರು. ಜೋಯಿಡಾ ಸೀಮೆಯ ಡಿಗ್ಗಿಯ ಬಳಿ ಹುಟ್ಟಿ, ೧೮೪ ಕಿಲೋಮೀಟರು ಹರಿದು ಕಾರವಾರದಲ್ಲಿ ಕಡಲನ್ನು ಕೂಡುವ ಈ ಹೊಳೆಗೆ ಮೇಲಿನಿಂದ ಕೆಳಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂಬಲ್ಲಿ ಅಣೆಕಟ್ಟುಗಳನ್ನು ಕಟ್ಟಿರುವರು. ಸೂಪಾದ ಜಲಾಶಯವು ೧೪೭ ಟಿ.ಎಂ.ಸಿ. ನೀರನ್ನು ಹಿಡಿಯತಕ್ಕ ಮಹಾಸಾಗರ. ಕಟ್ಟಕಡೆಯ ಕದ್ರಾ ಅದರ ಹತ್ತನೆಯ ಒಂದಂಶದಷ್ಟೂ ಇಲ್ಲ. ಘಟ್ಟದ ಇಳಿಜಾರಿನಲ್ಲಿ ಬಿದ್ದ ಮಳೆಯೆಲ್ಲ ಹಳ್ಳಕೊಳ್ಳಗಳಲ್ಲಿ ಧುಮುಕಿ ಬಂದಾಗ ಚಿಕ್ಕ ಪಾತ್ರೆಯು ಬೇಗನೆ ತುಂಬುವುದು. ತುಂಬಿತೆಂದರೆ ಬಾಗಿಲು ತೆರೆಯದೆ ಗತಿಯಿಲ್ಲ. ಮಲ್ಲಾಪುರವಿರುವುದು ಆ ಬಾಗಿಲುಗಳ ಕೆಳಗೆ. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರ ವಸತಿನಗರವೂ ಇಲ್ಲಿಯೇ ಇರುವುದು. ೨೦೧೯ರ ಆಗಸ್ಟಿನಲ್ಲಿ ಒಮ್ಮೆ, ೨೦೨೧ರ ಜುಲೈಯಲ್ಲಿ ಮತ್ತೊಮ್ಮೆ ಕದ್ರಾದಿಂದ ಬಿಟ್ಟ ನೀರು ಕೆಳದಂಡೆಯ ಊರುಗಳಲ್ಲಿ ಮನೆಗಳನ್ನು ಹೊಕ್ಕಿತು.

ಇಂಥ ಸಮಯದಲ್ಲಿ ಸಹಾಯಕ್ಕೆ ಹೊರಟವರ ಪಾಡನ್ನು ಮಠದ ಭಕ್ತರಿಗೆ ವಿವರಿಸಬೇಕಾದುದಿಲ್ಲ. ಪ್ರವಾಹ ಬಂದಾಗ ಅನ್ನದ ಹಂಡೆಯನ್ನು ಹೊತ್ತುಕೊಂಡು ಹೊರಟವರು ಈ ಸಭೆಯಲ್ಲಿಯೂ ಇರಬಹುದು. ಅಕ್ಕಿಯುಂಟು, ಬೇಳೆಯುಂಟು, ಬಡಿಸುವ ಕೈಗಳುಂಟು. ಆದರೆ ಬಂಡಿಯನ್ನು ಯಾವ ದಾರಿಯಿಂದ ಒಯ್ಯಬೇಕು? ಯಾವ ಮೋರಿ ಮುಳುಗಿದೆ? ಯಾವ ದಿನ್ನೆಯ ಮೇಲೆ ಜನರು ಕೂಡಿದ್ದಾರೆ? ದೋಣಿ ಎಲ್ಲಿಯ ವರೆಗೆ ಹೋದೀತು? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ. ಹಂಡೆಯ ಅನ್ನವು ದಾರಿಯಲ್ಲಿಯೇ ಆರಿಹೋಗುವುದು.

ಆಕಾಶದಿಂದ ನೆಲವನ್ನು ನೋಡುವ ಆಸೆ ಹೊಸತಲ್ಲ. ಪ್ಯಾರಿಸಿನ ನಾದಾರನು ೧೮೫೮ರಲ್ಲಿಯೇ ಬಲೂನಿನಿಂದ ಚಿತ್ರ ತೆಗೆದನು. ೧೯೨೪ರಲ್ಲಿ ಬರ್ಮಾದ ಐರಾವತೀ ಮುಖದ ಅರಣ್ಯಗಳನ್ನು ವಿಮಾನದಿಂದ ಚಿತ್ರಿಸಿ ನಕಾಶೆ ಮಾಡಿದರು. ಆದರೆ ಆ ಕಾಲದಲ್ಲಿ ಚಿತ್ರ ತೆಗೆಯುವುದು ಕೆಲವು ದಿನಗಳ ಕೆಲಸವಾದರೆ, ಅದರಿಂದ ನಕಾಶೆ ಬರೆಯುವುದು ವರ್ಷಗಳ ಕೆಲಸವಾಗಿದ್ದಿತು. ಈಗ ತಾರುಮಾರಾಗಿರುವುದು ಈ ಎರಡನೆಯ ಭಾಗವೇ.

ಡ್ರೋನ್ ಎಂಬ ಚಾಲಕರಹಿತ ಕಿರುವಿಮಾನವೊಂದು ೧೨೦ ಮೀಟರು ಎತ್ತರದಲ್ಲಿ ಹಾರುತ್ತದೆಂದು ಭಾವಿಸೋಣ. ಅದರ ಕೆಮರಾದ ಒಂದು ಚಿತ್ರದಲ್ಲಿ ಸುಮಾರು ೨ ಕೋಟಿ ಚುಕ್ಕೆಗಳಿರುವುವು. ಸಾಧಾರಣ ಮಟ್ಟದ ಕೆಮರಾದಲ್ಲಿ ಆ ಎತ್ತರದಿಂದ ಒಂದು ಚುಕ್ಕೆಯು ನೆಲದ ಮೇಲಿನ ೩ ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಚೌಕಕ್ಕೆ ಸಮನಾಗುವುದು. ಬಾವಿಯ ಕಟ್ಟೆ, ಹೆಂಚಿನ ಸಾಲು, ಅಂಗಳದಲ್ಲಿ ಕಟ್ಟಿದ ಕರು, ಇವೆಲ್ಲ ಸ್ಪಷ್ಟವಾಗಿ ಕಾಣುವುವು. ಒಂದು ಚಿತ್ರವು ಆವರಿಸುವ ನೆಲವು ೧೮೦ ಮೀಟರು ಅಗಲ, ೧೨೦ ಮೀಟರು ಉದ್ದ ಇಷ್ಟೆ. ಆದುದರಿಂದ ಅದು ರೈತನು ಹೊಲವನ್ನು ಉಳುವಂತೆ ಸಾಲುಸಾಲಾಗಿ ಹೋಗಿ ಬಂದು, ಒಂದು ಚಿತ್ರದ ಮುಕ್ಕಾಲು ಭಾಗವು ಮುಂದಿನದರಲ್ಲಿಯೂ ಬರುವಂತೆ ಚಿತ್ರ ತೆಗೆಯುತ್ತ ಸಾಗುವುದು. ಹೀಗೆ ಒಂದು ಚದರ ಕಿಲೋಮೀಟರಿಗೆ ಐನೂರಕ್ಕೂ ಮಿಕ್ಕಿ ಚಿತ್ರಗಳಾಗುವುವು. ಇಷ್ಟೊಂದು ಪುನರಾವರ್ತನೆ ಏಕೆಂದರೆ, ಎರಡು ಕಣ್ಣುಗಳಿರುವುದರಿಂದಲೇ ಮನುಷ್ಯನಿಗೆ ದೂರ ಹತ್ತಿರಗಳ ಭೇದ ತಿಳಿಯುವಂತೆ, ಒಂದೇ ಕಲ್ಲನ್ನು ಹಲವು ಕಡೆಯಿಂದ ಕಂಡರೆ ಮಾತ್ರ ಗಣಕಯಂತ್ರಕ್ಕೆ ಅದರ ಎತ್ತರ ಗೊತ್ತಾಗುವುದು.

ಐನೂರ ಮೂವತ್ತು ಚಿತ್ರಗಳಲ್ಲಿ ಪ್ರತಿಯೊಂದನ್ನೂ ಉಳಿದೆಲ್ಲದರೊಡನೆ ಹೋಲಿಸಿ ನೋಡಹೊರಟರೆ ೧ ಲಕ್ಷ ೪೦ ಸಾವಿರ ಜೋಡಿಗಳಾಗುವುವು. ಅಷ್ಟು ಮಾಡುವಷ್ಟರಲ್ಲಿ ನೆರೆ ಇಳಿದುಹೋಗಿರುವುದು. ಜಾತ್ರೆಯಲ್ಲಿ ಬೀಗರನ್ನು ಹುಡುಕುವವನು ಕಂಡ ಕಂಡವರ ಮುಖವನ್ನೆಲ್ಲ ನೋಡುತ್ತ ಹೋಗುವುದಿಲ್ಲ. ಅವರ ಊರಿನ ಬಂಡಿಗಳು ಬಿಟ್ಟ ತಾಣಕ್ಕೆ ನೆಟ್ಟಗೆ ಹೋಗುವನು. ಅದರಂತೆ ಯಂತ್ರವೂ ಪ್ರತಿ ಚಿತ್ರದ ಮೇಲೆ ಉಪಗ್ರಹಗಳ ನೆರವಿನಿಂದ ಬರೆದ ಸ್ಥಾನದ ಗುರುತನ್ನು ಓದಿ, ಅಕ್ಕಪಕ್ಕದ ಹತ್ತು ಹನ್ನೆರಡು ಚಿತ್ರಗಳೊಡನೆ ಮಾತ್ರ ಹೋಲಿಸುವುದು. ಲಕ್ಷದ ಕೆಲಸ ಮೂರು ಸಾವಿರಕ್ಕೆ ಇಳಿಯಿತು. ಚಿತ್ರಗಳನ್ನು ಅರ್ಧ ಅಳತೆಗೆ ಕುಗ್ಗಿಸಿದರೆ ಚುಕ್ಕೆಗಳು ನಾಲ್ಕನೆಯ ಒಂದು ಪಾಲಾಗುವುವು. ಎಲೆ ಎಲೆಯ ಎತ್ತರವನ್ನೂ ಲೆಕ್ಕ ಮಾಡುವ ಗೊಡವೆಯನ್ನು ಬಿಟ್ಟು, ಮೊದಲೇ ಇರುವ ಒರಟು ನೆಲದ ಮಾದರಿಯ ಮೇಲೆ ಚಿತ್ರವನ್ನು ಹಾಸಿಬಿಟ್ಟರೆ ಇನ್ನಷ್ಟು ಉಳಿತಾಯ. ಶೀಘ್ರ ನಕಾಶೆಯ ಗುಟ್ಟು ಇಷ್ಟೇ: ಯಂತ್ರವು ಹೆಚ್ಚು ಓಡುವುದಿಲ್ಲ, ಕೆಲಸವನ್ನು ಬಿಡುತ್ತದೆ. ಬಿಟ್ಟುದಕ್ಕೆ ಬೆಲೆ ತೆರಬೇಕಾಗುವುದೋ ಇಲ್ಲವೋ ಎಂಬುದೇ ಮುಂದಿನ ಪ್ರಶ್ನೆ.

ಬೆಲೆ ತೆರಬೇಕಾಗುವುದು, ಅದೂ ನೆರೆಯ ಕಾಲದಲ್ಲಿಯೇ. ಚಿತ್ರಗಳನ್ನು ಜೋಡಿಸಲು ಎರಡರಲ್ಲಿಯೂ ಅಲುಗಾಡದೆ ನಿಂತ ಗುರುತುಗಳು ಬೇಕು. ನೀರಾದರೋ ನಿಲ್ಲದು. ಒಂದು ಚಿತ್ರದಲ್ಲಿ ಕಂಡ ತೆರೆ ಮುಂದಿನ ಚಿತ್ರದಲ್ಲಿ ಇರುವುದಿಲ್ಲ. ಮೋಡದ ನೆರಳು, ಬಿಸಿಲಿನ ಹೊಳಪು ಬೇರೆ. ಆದುದರಿಂದ ಯಾವ ನೀರನ್ನು ನೋಡಲೆಂದು ಹಾರಿದರೋ ಆ ನೀರಿನ ಮೇಲೆಯೇ ಜೋಡಣೆ ಹರಿದು, ನಕಾಶೆಯ ನಡುವೆ ತೂತು ಬೀಳುವುದು. ಮಲ್ಲಾಪುರದ ಸುತ್ತಿನ ಸೀಮೆಯಲ್ಲಿ ಇನ್ನೊಂದು ತೊಡಕೂ ಉಂಟು. ಬಯಲುಸೀಮೆಯ ಹಳ್ಳಿಯಂತೆ ಇಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿ ಕುಳಿತಿಲ್ಲ. ಒಂದೊಂದು ಮನೆ ಒಂದೊಂದು ತೋಟದ ಮಡಿಲಲ್ಲಿ ಅಡಗಿದೆ. ತೆಂಗಿನ ಗರಿ, ಮಾವು ಹಲಸುಗಳ ಹಂದರ. ಮೇಲಿನಿಂದ ನೋಡುವವನಿಗೆ ಹಸುರು ಕಾಣುವುದಲ್ಲದೆ ಹಸುರಿನ ಕೆಳಗೆ ಮಂಚದ ಮೇಲೆ ಮಂಚವನ್ನಿಟ್ಟು ಕುಳಿತ ಸಂಸಾರ ಕಾಣದು.

ಇವೆಲ್ಲಕ್ಕಿಂತ ಅಪಾಯವಾದ ತಪ್ಪು ಕಣ್ಣಿಗೆ ಕಾಣದಂಥದು. ನೆಲದ ಮೇಲೆ ಅಳೆದು ಇಟ್ಟ ಗುರುತುಗಳಿಲ್ಲದೆ, ನೆಟ್ಟಗೆ ಕೆಳಗೆ ನೋಡಿದ ಚಿತ್ರಗಳಿಂದಲೇ ಎತ್ತರವನ್ನು ಲೆಕ್ಕ ಮಾಡಿದರೆ, ಮಸೂರದ ಅಲ್ಪ ವಕ್ರತೆಯು ಇಡೀ ನಕಾಶೆಯನ್ನು ಬೋರಲು ಹಾಕಿದ ಹರಿವಾಣದಂತೆ ಉಬ್ಬಿಸಿಬಿಡುವುದುಂಟು. ನಕಾಶೆ ಅಂದವಾಗಿಯೇ ಇರುವುದು, ಬಣ್ಣವೂ ಸರಿ, ರಸ್ತೆಯೂ ಸರಿ. ನಡುವಿನ ಮನೆಗಳು ಮಾತ್ರ ಇದ್ದುದಕ್ಕಿಂತ ಎತ್ತರದಲ್ಲಿವೆಯೆಂದು ತೋರುವುದು. ರಸ್ತೆ ಹಾಕುವವನಿಗೆ ಅರ್ಧ ಮೀಟರಿನ ತಪ್ಪು ದೊಡ್ಡದಲ್ಲದೆ ಇರಬಹುದು. ನೆರೆಯಲ್ಲಿ ಅರ್ಧ ಮೀಟರೆಂದರೆ ಹೊಸ್ತಿಲಿನಿಂದ ಒಲೆಯ ವರೆಗಿನ ಎತ್ತರ.

ಹಾರುವ ಯಂತ್ರವು ತಿಳಿಸುವ ಎತ್ತರದಲ್ಲಿ ಮತ್ತೊಂದು ವಿನೋದವಿರುವುದು. ಉಪಗ್ರಹಗಳನ್ನು ನೋಡಿ ಎತ್ತರ ಹೇಳುವ ಉಪಕರಣವು ಭೂಮಿಯನ್ನು ಗಣಿತದ ನುಣುಪಾದ ಒಂದು ಗೋಲವೆಂದು ಎಣಿಸುವುದು. ಕಡಲ ಮಟ್ಟವು ಆ ಗೋಲವನ್ನು ಅನುಸರಿಸುವುದಿಲ್ಲ. ದಕ್ಷಿಣ ಭಾರತದ ಸುತ್ತ ಕಡಲು ಆ ಕಲ್ಪಿತ ಗೋಲಕ್ಕಿಂತ ಬಹಳ ತಗ್ಗಿನಲ್ಲಿದೆ; ಕಾರವಾರದ ಕರಾವಳಿಯಲ್ಲಿ ಈ ಅಂತರವು ೭೦ ಮೀಟರಿಗಿಂತ ಹೆಚ್ಚು. ತಿದ್ದದೆ ಬಿಟ್ಟರೆ ಒಣನೆಲದಲ್ಲಿ ನಿಂತ ಊರೂರೇ ಕಡಲ ತಳದಲ್ಲಿದೆಯೆಂದು ನಕಾಶೆ ಹೇಳೀತು! ನಿಜವಾದ ಕಡಲ ಮಟ್ಟವನ್ನು ಅರಿಯಲು ಹಿಂದಿನವರು ಕಡಲನ್ನೇ ಕೇಳಿದರು. ಭಾರತದ ಎತ್ತರಗಳಿಗೆಲ್ಲ ಬುನಾದಿಯಾಗಿ ೧೯೦೯ರಲ್ಲಿ ಮುಗಿದ ಮೊದಲನೆಯ ಮಟ್ಟಜಾಲಕ್ಕೆ ಒಂಬತ್ತು ರೇವುಗಳ ಉಬ್ಬರವಿಳಿತಗಳ ಲೆಕ್ಕವನ್ನು ಆಧಾರವಾಗಿ ಹಿಡಿದಿದ್ದರು. ಅವುಗಳಲ್ಲಿ ಕಾರವಾರವೂ ಒಂದು. ಮುಂಬಯಿ, ಕರಾಚಿ, ಮದ್ರಾಸುಗಳ ಸಾಲಿನಲ್ಲಿ ಈ ಚಿಕ್ಕ ರೇವಿನ ನೀರೂ ದೇಶದ ಸೊನ್ನೆಯನ್ನು ನಿರ್ಣಯಿಸಿತೆಂಬುದನ್ನು ಕಾರವಾರದವರೇ ಮರೆತಿರಬಹುದು. ಕಾಳಿಯ ದಂಡೆಯ ಯಾವ ನಕಾಶೆಯಾದರೂ ಕೊನೆಗೆ ಹೊಂದಿಕೊಳ್ಳಬೇಕಾದುದು ಇಂಥ ಮಟ್ಟಕ್ಕೆ. ಹೊಳೆಯ ಬಾಯಿಂದ ಉಬ್ಬರವು ಒಳನುಗ್ಗುವ ಈ ಸೀಮೆಯಲ್ಲಿ ಮೇಲಿನಿಂದ ಇಳಿದ ನೀರು ಎಷ್ಟು ಬೇಗ ಕಡಲಿಗೆ ಹೋಗುವುದೆಂಬುದೂ ಅದನ್ನೇ ಅವಲಂಬಿಸಿರುವುದು.

ಇನ್ನು ಮೋಡ. ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ನಕಾಶೆ ಬೇಕಾದ ದಿನವೇ ಆಕಾಶದ ಕಣ್ಣು ಮುಚ್ಚಿರುವುದು. ಉಪಗ್ರಹದ ಬೆಳಕಿನ ಚಿತ್ರವು ಮೋಡವನ್ನು ಭೇದಿಸದು. ಬಿರುಗಾಳಿ ಮಳೆಯಲ್ಲಿ ಕಿರುವಿಮಾನವು ಏರದು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ೬೬ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ದಾರಿಬದಿಯ ಚಹದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಎದ್ದ ನೀರು ಆಚೆಯ ದಂಡೆಯ ಉಳುವರೆಯ ಮನೆಗಳನ್ನು ಬಡಿಯಿತು. ಅಲ್ಲಿಗೆ ನೆಲದೊಳಗನ್ನು ಶೋಧಿಸುವ ರಾಡಾರ್ ಬಂದಿತು. ನಿವೃತ್ತ ಮೇಜರ್ ಜನರಲ್ ಇಂದ್ರಬಾಲನ್ ಅವರ ತಂಡವು ಡ್ರೋನಿನಿಂದ ಹೂತ ಲೋಹವನ್ನು ಹುಡುಕಿತು. ಆದರೂ ಮಳೆಯ, ಹೊಳೆಯ ರಭಸದೆದುರು ಕೆಲಸ ನಿಂತು ನಿಂತು ಸಾಗಿ, ಕೊಚ್ಚಿಹೋದ ಲಾರಿಯು ನದಿಯಿಂದ ಮೇಲೆ ಬಂದುದು ಸಪ್ಟೆಂಬರ ೨೫ರಂದು, ಎಪ್ಪತ್ತೊಂದು ದಿನಗಳ ಬಳಿಕ. ಬಾಗಿಲಲ್ಲಿ ಕುಳಿತು ದಾರಿ ಕಾಯುವವರಿಗೆ ಎಪ್ಪತ್ತೊಂದು ದಿನಗಳೆಂದರೇನೆಂಬುದನ್ನು ಯಾವ ಯಂತ್ರವೂ ಅಳೆಯಲಾರದು.

ಅದೇ ತಿಂಗಳ ೩೦ರಂದು ಕೇರಳದ ವಯನಾಡಿನಲ್ಲಿ ಅದಕ್ಕಿಂತಲೂ ಘೋರವಾದ ಕುಸಿತವಾಯಿತು. ಅಲ್ಲಿಯೂ ದಟ್ಟ ಮೋಡ. ಆದರೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದೀ ಕೇಂದ್ರವು ಮರುದಿನವೇ, ೩೧ರಂದು, ಮೋಡವನ್ನು ತೂರಿ ನೋಡಬಲ್ಲ ರಾಡಾರ್ ಉಪಗ್ರಹದ ಚಿತ್ರವನ್ನು ಪಡೆಯಿತು. ಸುಮಾರು ೮೬,೦೦೦ ಚದರ ಮೀಟರು ನೆಲ ಜಾರಿದೆ, ಕಲ್ಲುಮಣ್ಣು ಹೊಳೆಯ ಪಾತ್ರದಲ್ಲಿ ಸುಮಾರು ೮ ಕಿಲೋಮೀಟರು ಹರಿದಿದೆ ಎಂದು ಬೇಗನೆ ತಿಳಿಸಲು ಸಾಧ್ಯವಾಯಿತು. ಹೇಗೆ ಸಾಧ್ಯವಾಯಿತು? ರಾಡಾರಿನ ಚಿತ್ರವು ಕಪ್ಪು ಬಿಳುಪಿನ ಒಗಟಿನಂಥದು. ಪಕ್ಕದಲ್ಲಿ ಹೋಲಿಸಲು ಹಿಂದಿನ ಸ್ಪಷ್ಟ ಚಿತ್ರವಿದ್ದರೆ ಅದರ ಅರ್ಥ ಬೇಗ ಬಿಡಿಸೀತು. ಕಾರ್ಟೊಸ್ಯಾಟ್-೩ ಎಂಬ ಉಪಗ್ರಹವು ೨೦೨೩ರ ಮೇ ೨೨ರಂದು, ನಿರಭ್ರ ಆಕಾಶದಲ್ಲಿ, ಅದೇ ಗುಡ್ಡದ ಸೂಕ್ಷ್ಮ ಚಿತ್ರವನ್ನು ತೆಗೆದಿಟ್ಟಿತ್ತು. ಒಂದು ದಿನದ ಆ ವೇಗದ ಹಿಂದೆ ಹದಿನಾಲ್ಕು ತಿಂಗಳ ಹಿಂದಿನ ಒಂದು ಬೇಸಿಗೆಯ ದಿನವಿದ್ದಿತು.

ಮಲ್ಲಾಪುರಕ್ಕೆ ಅನ್ವಯಿಸತಕ್ಕ ಮಾತು ಇದೇ. ಇಲ್ಲಿ ಶೀಘ್ರ ನಕಾಶೆಯು ಆಷಾಢದ ಮಳೆಯಲ್ಲಿ ಹುಟ್ಟಲಾರದು. ಕಾರ್ತಿಕದಿಂದ ವೈಶಾಖದ ವರೆಗಿನ ತಿಳಿ ಆಕಾಶದಲ್ಲಿ ಹುಟ್ಟಬೇಕು. ಆಗ ಅವಸರವಿಲ್ಲ. ನೆಲದ ಗುರುತುಗಳನ್ನು ಅಳೆದಿಟ್ಟು, ಪೂರ್ಣ ವಿಧಾನದಿಂದ ಹೊಸ್ತಿಲು ಹೊಸ್ತಿಲಿನ ಎತ್ತರವನ್ನೂ ತಿದ್ದಬಹುದು. ಮರದ ಮರೆಯ ಮನೆಗಳನ್ನು ಕಾಲ್ನಡಿಗೆಯಲ್ಲಿ ಹೋಗಿ ಸೇರಿಸಬಹುದು. ಅಂಥ ನಕಾಶೆ ಒಮ್ಮೆ ಕೈಯಲ್ಲಿದ್ದರೆ, ನೆರೆಯ ದಿನ ಹೊಸತಾಗಿ ತಿಳಿಯಬೇಕಾದುದು ಒಂದೇ ಅಂಕಿ: ನೀರು ಎಷ್ಟು ಎತ್ತರಕ್ಕೆ ಬಂದಿದೆ? ಎರಡು ಮೂರು ಸೇತುವೆಗಳ ಬಳಿಯ ಅಳತೆಪಟ್ಟಿಯನ್ನು ಓದಿದರೆ, ಎಲ್ಲೆಲ್ಲಿ ನೀರು ನಿಂತಿರಬಹುದೆಂಬುದನ್ನು ಯಂತ್ರವು ಬೇಗನೆ ಬಣ್ಣ ಬಳಿದು ತೋರಿಸೀತು. ಮೋಡ ತುಸು ಹರಿದಾಗ ಕಿರುವಿಮಾನವು ಹಾರಿ ಅದನ್ನು ತಾಳೆ ನೋಡಬಹುದು. ೨೦೨೨ರ ಫೆಬ್ರುವರಿ ೧೪ರಂದು ಹಾರಿಸಿದ ಇ.ಓ.ಎಸ್-೦೪ರಂಥ ರಾಡಾರ್ ಉಪಗ್ರಹದ ಚಿತ್ರದಲ್ಲಿ ನಿಂತ ನೀರು ಕಪ್ಪಾಗಿ ಕಾಣುವುದರಿಂದ ಅದೂ ಸಾಕ್ಷಿಗೆ ಒದಗುವುದು. ಸುತ್ತಲೂ ಮರ, ಗೋಡೆ ಇದ್ದಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ.

ಅಪ್ಪಣೆಯ ಮಾತೂ ಬೇಸಿಗೆಯದೇ. ಅಣುವಿದ್ಯುತ್ ಸ್ಥಾವರ ಮೇಲ್ದಂಡೆಯಲ್ಲಿ, ನೌಕಾನೆಲೆ ಕಾರವಾರದಲ್ಲಿ. ೨೦೨೧ರ ಡ್ರೋನ್ ನಿಯಮಗಳು ಆಕಾಶವನ್ನು ಹಸುರು, ಹಳದಿ, ಕೆಂಪು ಎಂದು ಪಾಲು ಮಾಡಿವೆ. ಕೆಂಪು ಪಾಲಿನಲ್ಲಿ ಕೇಂದ್ರ ಸರಕಾರದ ಸಮ್ಮತಿಯಿಲ್ಲದೆ ಹಾರಿಸಕೂಡದು. ಇಂಥ ಸ್ಥಳಗಳ ಸಮೀಪದಲ್ಲಿ ನೀರು ಬಂದ ಮೇಲೆ ಅರ್ಜಿ ಬರೆಯಲು ಕುಳಿತರೆ ಫಲವೇನು? ಯಾರು ಹಾರಿಸತಕ್ಕವರು, ಯಾವ ಗೆರೆಯೊಳಗೆ, ಚಿತ್ರಗಳು ಯಾರ ಕೈ ಸೇರತಕ್ಕವು ಎಂಬುದೆಲ್ಲ ಮೊದಲೇ ಕಾಗದದ ಮೇಲೆ ನಿಶ್ಚಯವಾಗಿರಬೇಕು.

ಇದಕ್ಕೆಲ್ಲ ಸರಕಾರವಿಲ್ಲವೇ, ಭಕ್ತರಿಗೇನು ಕೆಲಸವೆಂದು ಯಾರಾದರೂ ಕೇಳಬಹುದು. ೨೦೧೦ರ ಜನವರಿ ೧೨ರಂದು ಹೈತಿ ದ್ವೀಪದೇಶದಲ್ಲಿ ಭೂಕಂಪವಾದಾಗ ರಾಜಧಾನಿಯ ಬೀದಿಗಳ ಸರಿಯಾದ ನಕಾಶೆಯೇ ಇರಲಿಲ್ಲ. ಲೋಕದ ನಾನಾ ಕಡೆಯ ನೂರಾರು ಜನರು ತಮ್ಮ ತಮ್ಮ ಮನೆಗಳಲ್ಲಿ ಕುಳಿತು, ಆಕಾಶಚಿತ್ರಗಳ ಮೇಲೆ ರಸ್ತೆಗಳನ್ನೂ ಬಿದ್ದ ಕಟ್ಟಡಗಳನ್ನೂ ಗೆರೆಯೆಳೆದು ಗುರುತಿಸಿ, ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಸಾರ್ವಜನಿಕ ನಕಾಶೆಯನ್ನು ದಿನಗಳೊಳಗೆ ತುಂಬಿದರು. ರಕ್ಷಣೆಗೆ ಹೋದವರು ಅದನ್ನೇ ಹಿಡಿದು ನಡೆದರು. ಗೆರೆಯೆಳೆಯಲು ಪಂಡಿತರೇ ಬೇಕಿಲ್ಲ. ಆದರೆ ಗೆರೆಯೊಳಗಿನ ಹೆಸರನ್ನು ಬರೆಯಲು ಊರವರೇ ಬೇಕು. ದಫ್ತರದಲ್ಲಿ ಒಂದು ಹೆಸರಿದ್ದರೆ ಕೊಂಕಣಿಯಾಡುವ ಮನೆಯವರು ಕರೆಯುವುದು ಇನ್ನೊಂದು ಹೆಸರಿನಿಂದ. ಯಾವ ಕಾಲುದಾರಿ ನೆರೆಯಲ್ಲಿಯೂ ತೆರೆದಿರುವುದು, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇರುವಳು, ಯಾರ ಬಳಿ ದೋಣಿಯುಂಟು, ಇದು ೩ ಸೆಂಟಿಮೀಟರಿನ ಚುಕ್ಕೆಯಲ್ಲಿ ಕಾಣದು.

ನೀರಿಳಿದ ಮೇಲೂ ಇದೇ ನಕಾಶೆಯ ಸಂಬಂಧವಿರುವುದು. ಹಿಂದಿನ ಮೋಜಣಿಯವರು ಕಂದಾಯ ಕೊಡುವ ಗದ್ದೆ ತೋಟಗಳನ್ನು ಅಳೆದರು. ಮನೆಗಳು ನಿಂತ ಗಾವಠಾಣವನ್ನು ಬಿಡಿಬಿಡಿಯಾಗಿ ಅಳೆಯದೆ ಬಿಟ್ಟರು. ಆ ಕೊರತೆಯನ್ನು ನೀಗಲು ೨೦೨೦ರ ಏಪ್ರಿಲ್ ೨೪ರಂದು ಸ್ವಾಮಿತ್ವ ಎಂಬ ಯೋಜನೆ ಪ್ರಾರಂಭವಾಯಿತು. ಮೊದಲಿನ ಪ್ರಯೋಗದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದ್ದಿತು. ಅದರಲ್ಲಿ ಊರವರು ತಮ್ಮ ತಮ್ಮ ಮನೆಯ ಸುತ್ತ ಸುಣ್ಣದ ಗೆರೆ ಹಾಕುವರು. ಮೇಲೆ ಹಾರುವ ಡ್ರೋನ್ ಆ ಬಿಳಿ ಗೆರೆಯನ್ನು ಚಿತ್ರದಲ್ಲಿ ಹಿಡಿಯುವುದು. ಆ ವರ್ಷದ ಅಕ್ಟೋಬರ ೧೧ರಂದು ಮೊದಲ ಹಕ್ಕುಪತ್ರಗಳನ್ನು ಕೊಟ್ಟ ೭೬೩ ಹಳ್ಳಿಗಳಲ್ಲಿ ಕರ್ನಾಟಕದವು ಎರಡೇ. ನೆರೆಯಲ್ಲಿ ಗೋಡೆ ಕರಗಿಹೋದ ಬಡವನು ಪರಿಹಾರ ಬೇಡಲು ಹೋದಾಗ, ಮನೆ ಇಲ್ಲಿ ಇದ್ದಿತೆಂಬುದಕ್ಕೆ ಸಾಕ್ಷಿಯೇನೆಂಬ ಪ್ರಶ್ನೆ ಹುಟ್ಟುವುದು. ಬೇಸಿಗೆಯ ಒಂದು ಚಿತ್ರ, ನೆರೆಯ ಮರುದಿನದ ಒಂದು ಚಿತ್ರ, ಇವೆರಡು ಇದ್ದರೆ ಅವನು ಹೆಚ್ಚು ಮಾತಾಡಬೇಕಾಗಿಲ್ಲ. ಒರಟಾದ ಶೀಘ್ರ ನಕಾಶೆಯನ್ನೇ ಹಿಡಿದು, ನಿನ್ನ ಮನೆ ನೀರಿನ ಗೆರೆಯಿಂದ ಹೊರಗಿದೆ ಎಂದು ಅವನನ್ನು ಹಿಂದಕ್ಕೆ ಕಳಿಸುವುದು ಮಾತ್ರ ಅನ್ಯಾಯವಾದೀತು. ದಾರಿ ತೋರಿಸಲು ಮಾಡಿದ ನಕಾಶೆ ತೀರ್ಪು ಹೇಳಲು ತಕ್ಕುದಲ್ಲ.

ಆ ನೀರಿನ ಗೆರೆಯು ಮನೆಗಳ ಗೋಡೆಯ ಮೇಲೆಯೂ ಇರುವುದು. ಕೆಸರುನೀರು ಇಳಿಯುವಾಗ ಸುಣ್ಣದ ಗೋಡೆಗೆ ಕಂದು ಬಣ್ಣದ ಅಂಚನ್ನು ಬಿಟ್ಟು ಹೋಗುತ್ತದೆ. ದೀಪಾವಳಿಗೆ ಸುಣ್ಣ ಬಳಿದಾಗ ಅದು ಅಳಿದುಹೋಗುವುದು. ಬಳಿಯುವುದಕ್ಕೆ ಮುಂಚೆ ಆ ಅಂಚಿನ ಮೇಲೆ ಒಂದು ಮೊಳೆ ಹೊಡೆದು ವರ್ಷವನ್ನು ಬರೆದಿಟ್ಟರೆ, ಬೇಸಿಗೆಯ ನಕಾಶೆಯನ್ನು ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಮಟ್ಟದ ಗುರುತು ದೊರೆಯುವುದು ದುರ್ಲಭ. ಅದರಂತೆ ದೇವಾಲಯದ ಕಟ್ಟೆ, ಶಾಲೆಯ ಮೆಟ್ಟಿಲು, ರಸ್ತೆಯ ಮೋರಿ, ಹೀಗೆ ಅಲುಗಾಡದ ಎಡೆಗಳಲ್ಲಿ ಮೊಳದಗಲದ ಬಿಳಿ ಕತ್ತರಿಗುರುತುಗಳನ್ನು ಬಳಿದು, ಅವುಗಳ ಎತ್ತರವನ್ನು ಅಳೆಯಿಸಿ ಊರಿನ ಪುಸ್ತಕದಲ್ಲಿ ಬರೆದಿಡಬೇಕು. ಮಳೆ ಅವುಗಳ ಬಣ್ಣವನ್ನು ತೊಳೆಯುವುದರಿಂದ ಪ್ರತಿ ವರ್ಷ ಕಾರ್ತಿಕ ಮಾಸದಲ್ಲಿ ಮತ್ತೆ ಬಳಿಯಬೇಕಾಗುವುದು; ಒಂದು ಡಬ್ಬಿ ಬಣ್ಣ, ಇಬ್ಬರು ಹುಡುಗರು, ಅರ್ಧ ದಿನದ ಕೆಲಸ.